ಟಾಲಿವರ್‌ನ ಕುರ್ಚಿಯಲ್ಲಿ ಕೂತವರು

ಲಾಸ್ ಏಂಜಲೀಸಿನ ನಮ್ಮ ಕರಿಯರ ಕೇರಿಯಲ್ಲಿ ಕ್ಷೌರದ ಲೂಷಿಯಸ್ ಟಾಲಿವರ್‌ಗೆ ತಲೆ ಒಪ್ಪಿಸಿದವರು ಅಭಿಪ್ರಾಯವನ್ನೂ ಒಪ್ಪಿಸಲೇಬೇಕು: ಹೆಂಡತಿಯ ಕೊಲೆ ಕೇಸಿನಲ್ಲಿ ಮೂವತ್ತು ವರ್ಷದ ಹಿಂದೆ ಖುಲಾಸೆಯಾದ ಬಾಕ್ಸರ್ ಪೆಟಿಬೋನ್ ಕೊಂದನೋ, ಇಲ್ಲವೋ? ಇಲ್ಲವೆಂದವರ ಮುಖಕ್ಕೆ ಬಿಸಿ ಟವೆಲಿನ ಉಪಚಾರ. ಕೊಂದನೆಂದವರಿಗೆ ಮೆಷಿನ್ ನಿಲ್ಲಿಸಿ ಭಾಷಣ. ಹಾಗೆ ಜಗಳವಾಡಿ ಎದ್ದುಹೋದ ನಿವೃತ್ತ ಅಂಚೆಯವ ಕ್ಲಿಯೋಫಸ್ ಅರ್ಧ ಬೋಳು ತಲೆಯಲ್ಲೇ ಚರ್ಚಿಗೆ ಹೋಗಿಬಂದದ್ದುಂಟು. “ಹನ್ನೆರಡು ಜನ ಜ್ಯೂರಿ ಕೂತು ಬಿಟ್ಟುಕಳಿಸಿದಾರೆ. ನೀನ್ಯಾವನೋ ಹದಿಮೂರನೆಯವನು?” ಎಂಬುದು ಟಾಲಿವರ್‌ನ ಪಲ್ಲವಿ. ಮೊನ್ನೆ ನನ್ನ ಮಗಳು ಜುವೆಲ್ ಕೂದಲು ಸಣ್ಣಗೆ ಮಾಡಿಸಿಕೊಳ್ಳುತ್ತ, “ಟಾಲಿವರ್ ಮಾಮಾ, ಸತ್ತವಳ ಹೆಸರೇನು?” ಅಂದಳು. ಟಾಲಿವರ್ ಮೆಷಿನ್ ನಿಲ್ಲಿಸಿದ. “ರೊಸೆಟಾ,” ಅಂದ, ನೆನಪು ಹುಡುಕದೆಯೇ. “ಅವನೇ ಕೊಂದಿರಬೇಕು ಕಣಮ್ಮಾ. ಅವಳಿಗೆ ಅನ್ಯಾಯ ಆಯ್ತು. ಆದ್ರೆ ಅವನನ್ನ ಬಿಟ್ಟ ದಿನ ನಾನು ಕುಣಿದಿದ್ದು ಅವನಿಗೋಸ್ಕರ ಅಲ್ಲ. ನನ್ನ ತಮ್ಮನ ಕೇಸಲ್ಲಿ ಪೊಲೀಸ್ನೋರು ಹೇಳಿದ್ದೇ ವೇದ. ಜ್ಯೂರಿಯೋರು ಅರ್ಧ ಗಂಟೇಲಿ ಅವನನ್ನ ಒಳಗೆ ಹಾಕಿದ್ರು. ಪೊಲೀಸ್ನೋರ ಮಾತನ್ನೂ ಜ್ಯೂರಿ ಅನುಮಾನಿಸಬಹುದು ಅಂತ ನಾನು ಪೆಟಿಬೋನ್ ಕೇಸಲ್ಲೇ ಮೊದಲು ಕಂಡಿದ್ದು.” ನಮ್ಮ ಬೀದಿಯವರು ಕೋರ್ಟಿನಲ್ಲಿ ತೀರ್ಪು ಹೇಳುವ ಜ್ಯೂರಿಯಲ್ಲಿ ಕೂರಲು ಕರೆಯುವ ಸರ್ಕಾರಿ ಕಾಗದ ಬಂದರೆ ಬೆನ್ನು ನೋವೆಂದು ತಪ್ಪಿಸಿಕೊಳ್ಳುತ್ತಾರೆ, ಇವನು ಈಸ್ಟರ್ ಹಬ್ಬದ ಸೂಟು ಹಾಕಿಕೊಂಡು ಓಡುವುದೇಕೆಂದು ನನಗೆ ಈಗ ಗೊತ್ತಾಯಿತು. ಸೋಮವಾರ ಅಂಗಡಿಯ ಬಾಗಿಲಲ್ಲಿ, ಅವನು ಜ್ಯೂರಿಗೆ ಹೋದಾಗಲೆಲ್ಲ ಹಾಕುವ ಅದೇ ಬೋರ್ಡು: “ಕೋರ್ಟಿಗೆ ಹೋಗಿದ್ದೇನೆ. ಇಬ್ಬರ ಮಾತೂ ಕೇಳಬೇಕು.” ಕೆಳಗೆ ಕ್ಲಿಯೋಫಸ್ ಪೆನ್ಸಿಲಿನಲ್ಲಿ ಬರೆದಿದ್ದ: “ಬಂದಮೇಲೆ ನನ್ನ ಮಾತೂ ಕೇಳು. ಕಾಯ್ತಾ ಇದೀನಿ.” ಅವನು ಮೆಟ್ಟಿಲ ಮೇಲೇ ಕೂತಿದ್ದ, ಪಕ್ಕದಲ್ಲಿ ಎರಡು ಕಾಫಿ.