ಒಂಬತ್ತು ಕೂಡಿಸಿದರೆ ವರ್ಗವಾಗುವ ಸಂಖ್ಯೆ

ಅಚ್ಚುಕೂಟದಲ್ಲಿ ಎಲ್ಲರೂ ಅವಳನ್ನು ಕೆಂಪಕ್ಕ ಎನ್ನುತ್ತಿದ್ದರು. ಕರಡು ತಿದ್ದುವ ಕೆಂಪು ಪೆನ್ನಿನಿಂದ ಆ ಹೆಸರು ಬಂತೋ, ಮೂಗಿನ ತುದಿಯಲ್ಲೇ ಇರುತ್ತಿದ್ದ ಸಿಟ್ಟಿನಿಂದ ಬಂತೋ, ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಶಾಲೆಯಲ್ಲಿ ಕಷ್ಟದ ಲೆಕ್ಕವೊಂದನ್ನು ಮನಸ್ಸಿನಲ್ಲೇ ಮಾಡಿ ಉತ್ತರ ಬರೆದದ್ದಕ್ಕೆ ಮೇಷ್ಟ್ರು ನಕಲು ಎಂದು ಸೊನ್ನೆ ಹಾಕಿದ್ದರು. ಅಪ್ಪ ಮೇಷ್ಟ್ರ ಮಾತನ್ನೇ ನಂಬಿ ಓದು ಬಿಡಿಸಿದ. ಗಂಡ ತೀರಿಕೊಂಡ ಮೇಲೆ ಭಾವನ ಅಚ್ಚುಕೂಟ ಸೇರಿ, ಇಪ್ಪತ್ತೆರಡು ವರ್ಷ ಕಂಡವರ ತಪ್ಪು ತಿದ್ದಿದ್ದಳು.

ಒಮ್ಮೆ ಪ್ರೊಫೆಸರೊಬ್ಬರ ಗಣಿತ ಪುಸ್ತಕ ಅಚ್ಚಿಗೆ ಬಂತು. ಅದರಲ್ಲಿ 9,94,00,891 ಎಂಬ ಸಂಖ್ಯೆ ಕೊಟ್ಟು, ಇದು ಅವಿಭಾಜ್ಯ, ಒಂದನ್ನೂ ತನ್ನನ್ನೂ ಬಿಟ್ಟು ಬೇರೆ ಯಾವುದರಿಂದಲೂ ನಿಶ್ಶೇಷವಾಗಿ ಭಾಗವಾಗದು ಎಂದಿದ್ದರು. ಕೆಂಪಕ್ಕನ ಪೆನ್ನು ಅಲ್ಲೇ ನಿಂತಿತು. ಒಂಬತ್ತು ಕೂಡಿಸಿದರೆ 9,94,00,900. ಅದು 9970ರ ವರ್ಗ. ಒಂಬತ್ತು ಮೂರರ ವರ್ಗ. ಹಾಗಾದರೆ ಈ ಸಂಖ್ಯೆ, 9970ಕ್ಕಿಂತ ಮೂರು ಕಡಿಮೆ ಇರುವುದನ್ನು ಮೂರು ಹೆಚ್ಚಿರುವುದರಿಂದ ಗುಣಿಸಿದ್ದು. ಪುಟದ ಅಂಚಿನಲ್ಲೇ 9967ನ್ನು 9973ರಿಂದ ಗುಣಿಸಿದಳು. ಒಂದಂಕಿಯೂ ಆಚೀಚೆ ಆಗಲಿಲ್ಲ.

ಕರಡು ನೋಡಲು ಅಚ್ಚುಕೂಟಕ್ಕೆ ಬಂದ ಪ್ರೊಫೆಸರು ಅಂಚಿನ ಕಡೆ ಕಣ್ಣೂ ಹಾಯಿಸಲಿಲ್ಲ. "ನಿಮ್ಮ ಕೆಲಸ ಕಾಗುಣಿತ ನೋಡೋದು, ಅಮ್ಮಾ. ಸಾವಿರದವರೆಗೆ ನಾನೇ ಭಾಗಿಸಿ ನೋಡಿದ್ದೀನಿ."

"ಸಾವಿರಕ್ಕೆ ಯಾಕೆ ನಿಲ್ಲಿಸಿದ್ರಿ ಸಾರ್? ಹತ್ತು ಸಾವಿರದ ಹತ್ತಿರ ಹೋಗ್ಬೇಕಿತ್ತು."

ಅವರು ಭಾವನ ಕಡೆ ತಿರುಗಿ, "ನಿಮ್ಮ ಮನೆ ಹೆಣ್ಣುಮಗಳಿಗೆ ಸ್ವಲ್ಪ ಬುದ್ಧಿ ಹೇಳಿ," ಎಂದರು. ಭಾವ ಹಲ್ಲು ಕಿರಿದ. ಆ ನಗುವಿಗೆ ಅವಳ ಮೈಯೆಲ್ಲ ಉರಿಯಿತು. ಕರಡಿಗೆ ಸಹಿ ಹಾಕುವುದಿಲ್ಲ ಎಂದು ಕಡ್ಡಿ ಮುರಿದಂತೆ ಹೇಳಿದಳು. ಭಾವನೇ ಅವಳ ಸಹಿ ಗೀಚಿದ. ತಪ್ಪು ಸಮೇತ ಪುಸ್ತಕ ಹೊರಬಂತು, ಕರಡು ತಿದ್ದಿದವಳೆಂದು ಅವಳ ಹೆಸರೂ ಬಂತು.

ಎರಡು ವರ್ಷದ ಮೇಲೆ ಮರುಮುದ್ರಣದ ಕರಡು ಬಂದಾಗ, ಲೆಕ್ಕ ಸರಿಯಾಗಿತ್ತು; ಆ ಸಂಖ್ಯೆ 9967 ಮತ್ತು 9973ರ ಗುಣಲಬ್ಧ ಎಂದೇ ಇತ್ತು. ಮುನ್ನುಡಿಯಲ್ಲಿ ಮಾತ್ರ ಹೀಗಿತ್ತು: ಈ ಅಪವರ್ತನಗಳನ್ನು ನಾನೇ ಕಂಡುಕೊಂಡೆ, ಹಿಂದಿನ ತಪ್ಪಿಗೆ ಕರಡು ನೋಡಿದವರ ಅಲಕ್ಷ್ಯ ಕಾರಣ.

ಅವಳು ಹಾಳೆ ಹಿಡಿದು ನೇರ ಕಾಲೇಜಿಗೆ ನಡೆದಳು. ತರಗತಿ ನಡೆಯುತ್ತಿತ್ತು. ಒಳಗೆ ಹೋಗಿ, ಮುನ್ನುಡಿಯನ್ನು ಎಲ್ಲರಿಗೂ ಕೇಳುವಂತೆ ಓದಿದಳು.

"ಇದನ್ನ ಮೊದಲು ಹೇಳಿದ್ದು ಯಾರು ಸಾರ್?"

"ಯಾರೋ ಹೇಳಿದ ನೆನಪು," ಎಂದರು ಪ್ರೊಫೆಸರು, ಸೀಮೆಸುಣ್ಣ ತಿರುಗಿಸುತ್ತ.

"ಯಾರೋ ಅಲ್ಲ. ನಾನು. ಅಲಕ್ಷ್ಯ ಅನ್ನೋ ಮಾತು ಈಗಲೇ ಹೊಡೆದು ಹಾಕಿ."

ಅರವತ್ತು ಜನ ವಿದ್ಯಾರ್ಥಿಗಳ ಎದುರು ಅವರು ಎರಡೂ ಸಾಲು ಹೊಡೆದು ಹಾಕಿದರು. ಅವಳ ಹೆಸರನ್ನು ಮಾತ್ರ ಸೇರಿಸಲಿಲ್ಲ.

ಅವಳು ಅಚ್ಚುಕೂಟಕ್ಕೆ ಮರಳುವ ಮೊದಲೇ ಸುದ್ದಿ ಭಾವನಿಗೆ ಮುಟ್ಟಿತ್ತು. "ಅಷ್ಟು ದೊಡ್ಡ ಮನುಷ್ಯರ ಮಾನ ಕಳೆದ್ಯಲ್ಲ. ಇನ್ನು ಈ ಕಡೆ ಯಾರು ಬರ್ತಾರೆ?"

"ತಪ್ಪಿಗೆ ನನ್ನ ಹೆಸರು ಹಾಕಿದ್ರಿ, ಭಾವ. ಸರಿಗೆ ಹಾಕೋಕೆ ಜಾಗ ಸಾಲಲಿಲ್ವಾ?"

ಭಾವ ಯಂತ್ರದ ಕಡೆ ಮುಖ ಮಾಡಿದ. ಮರುದಿನದಿಂದ ಅವಳು ಅಲ್ಲಿಗೆ ಹೋಗಲಿಲ್ಲ. ಎರಡು ಬೀದಿ ಆಚೆಯ ಅಚ್ಚುಕೂಟದಲ್ಲಿ ಕೆಲಸ ಕೇಳುವಾಗ, ತಾನು ಒಪ್ಪದ ಪುಸ್ತಕಕ್ಕೆ ತನ್ನ ಹೆಸರು ಹಾಕಬಾರದು ಎಂಬ ಒಂದೇ ಷರತ್ತು ಇಟ್ಟಳು. ಅವರು ಒಪ್ಪಿದರು. ಸಿಟ್ಟು ಮಾತ್ರ ಇಳಿದಿಲ್ಲ; ಇಳಿಯಬೇಕೆಂದು ಅವಳಿಗೆ ಅನ್ನಿಸಿಯೂ ಇಲ್ಲ.