ತೊಟ್ಟಿಲ ಕೌದಿಗೆ ಮಣಿ ಹೊಲಿದದ್ದು

ಅಕ್ಕ ಚೊಚ್ಚಲ ಹೆರಿಗೆಗೆಂದು ತಿಪಟೂರಿನಿಂದ ನಮ್ಮೂರಿಗೆ ಬಂದಿಳಿದ ದಿನ ನಾನು ಅವಳ ಹೊಟ್ಟೆ ನೋಡಲಿಲ್ಲ, ಮುಖ ನೋಡಲಿಲ್ಲ. ನೋಡಿದ್ದು ಅವಳ ರವಿಕೆಯ ತೋಳು. ಕಡುನೀಲಿ ಬಟ್ಟೆ, ತೋಳಿನ ಅಂಚಿನಲ್ಲೊಂದು ನವಿಲು, ನವಿಲಿನ ಗರಿಯೆಲ್ಲ ಮಣಿ. ಸಾಸಿವೆಗಿಂತ ತುಸು ದೊಡ್ಡದಿರಬಹುದಾದ ಗಾಜಿನ ಮಣಿಗಳು. ಅವಳು ಬ್ಯಾಗು ಇಳಿಸಲು ಕೈ ಎತ್ತಿದರೆ ಸಾಕು, ಝಗ್ಗೆನ್ನುತ್ತಿದ್ದವು. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ದಬ್ಬೇಘಟ್ಟದ ಕಡೆಯ ನಮ್ಮ ಹಳ್ಳಿಯಲ್ಲಿ ಮಣಿ ಎಂದರೆ ತಾಳಿಯ ಕರಿಮಣಿ, ಇಲ್ಲವೇ ಕರುವಿನ ಕೊರಳಿಗೆ ಕಟ್ಟುವ ಮಣಿ, ಅಷ್ಟೇ.

ಅಕ್ಕನ ಪಕ್ಕದ ಮನೆಯ ಹೆಂಗಸು ಹೊಲಿದದ್ದಂತೆ. ಆಕೆ ತನ್ನ ಪಡಸಾಲೆಯಲ್ಲೇ ಒಂದಷ್ಟು ಹುಡುಗಿಯರನ್ನು ಕೂರಿಸಿಕೊಂಡು ಕಲಿಸುತ್ತಾಳಂತೆ. ಅಷ್ಟು ಕೇಳಿದ್ದೇ ತಡ, ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅಕ್ಕ ಕಾಫಿ ಕುಡಿದು ಮುಗಿಸುವ ಮೊದಲೇ ಹೋಗಿ, ಜಗಲಿಯಲ್ಲಿ ಕಾಯಿ ಸುಲಿಸುತ್ತಿದ್ದ ಅಪ್ಪನ ಮುಂದೆ ನಿಂತೆ. ನಾನು ದಿನಾ ಬಸ್ಸಿನಲ್ಲಿ ತಿಪಟೂರಿಗೆ ಹೋಗಿ ಮಣಿ ಕೆಲಸ ಕಲಿಯುತ್ತೇನೆ ಎಂದೆ.

ಅಪ್ಪ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ತುರುವೇಕೆರೆಯಲ್ಲಿ ಟೈಪಿಂಗ್ ಸೇರಿ ಬಿಟ್ಟದ್ದು, ಹಿಂದಿ ಪರೀಕ್ಷೆಗೆ ಕಟ್ಟಿ ಕೂರದೇ ಹೋದದ್ದು, ಅವನಿಗೆಂದೇ ಹಾಕಲು ಹಿಡಿದು ಒಂದು ತೋಳಿಗೇ ನಿಂತ ಸ್ವೆಟರು, ಇವನ್ನೆಲ್ಲ ಸಾವಧಾನವಾಗಿ ನೆನಪಿಸಿದ. ಆಮೇಲೆ, "ನೀನು ಹಿಡಿದಿದ್ದು ಯಾವ್ದು ಕಡೇಗಂಟ ಹೋಗೈತೆ, ಹೇಳು?" ಎಂದು ಕೇಳಿದ. ನನಗೆ ಮೂಗಿನ ತುದಿಯಲ್ಲೇ ಕೋಪ. ಆದರೆ ನಿಜ ಹೇಳಿದವನ ಮೇಲೆ ಕೋಪ ಮಾಡಿಕೊಂಡು ಏನು ಉಪಯೋಗ?

ನನ್ನ ಪರವಾಗಿ ಬಂದವಳು ಅಜ್ಜಿ. ಸುತ್ತಲ ಮನೆಗಳವರು ಹಳೇ ಸೀರೆ ತಂದುಕೊಟ್ಟು ಕೌದಿ ಹೊಲಿಸಿಕೊಳ್ಳುತ್ತಿದ್ದುದು ಅವಳ ಹತ್ತಿರವೇ. ಅಕ್ಕನ ಮಗುವಿನ ತೊಟ್ಟಿಲಿಗೆ ತಾನೊಂದು ಕೌದಿ ಹೊಲಿಯುತ್ತೇನೆ, ಅದಕ್ಕೆ ಇವಳು ಮಣಿ ಹಿಡಿಸಲಿ, ಕೈ ಹೇಗಿದೆ ಎಂದು ನೋಡಿ ಆಮೇಲೆ ಹೇಳು ಎಂದಳು. ಅಪ್ಪ ಸುಲಿದ ಕಾಯೊಂದನ್ನು ರಾಶಿಗೆ ಎಸೆದ. "ನಾಮಕರಣದ ದಿನ ಬೀಗರ ಮುಂದೆ ಹಾಸೋ ಹಂಗಿರಬೇಕು. ಇಲ್ದಿದ್ರೆ ಈ ಮಾತು ಇನ್ನೊಂದ್ ದಪ ಎತ್ಬೇಡ" ಎಂದ. ನಾನು ಹೂಂ ಎಂದೆ. ಮಣಿ ಹೊಲಿಯುವುದು ಹೇಗೆಂಬುದೇ ಆಗ ನನಗೆ ಗೊತ್ತಿರಲಿಲ್ಲ.

ಕೌದಿಯನ್ನು ಮಗು ಹುಟ್ಟುವ ಮುಂಚೆ ಹೊಲಿಯಬಾರದೆಂಬುದು ಅಜ್ಜಿಯ ಕಟ್ಟಳೆ. ಅಲ್ಲಿಯ ತನಕ ಹಳೇ ದಿಂಬಿನ ಚೀಲದ ಮೇಲೆ ಕೈ ಪಳಗಿಸು ಎಂದಳು. ಆದರೆ ಮಣಿ ಎಲ್ಲಿ? ಹರಾಜಿಗೆ ಕೊಬ್ಬರಿ ಹಾಕಿಕೊಂಡು ತಿಪಟೂರಿಗೆ ಹೊರಟಿದ್ದ ಅಪ್ಪನಿಗೆ ಹೇಳಿ ಕಳಿಸಿದೆವು. ಸಂಜೆ ಅಪ್ಪ ಬಹಳ ಗೆಲುವಿನಿಂದ ಪೊಟ್ಟಣ ಬಿಚ್ಚಿದ. ಒಳಗಿದ್ದದ್ದು ನೆಲ್ಲಿಕಾಯಿ ಗಾತ್ರದ ನೀಲಿ ಮಣಿಗಳು, ಕರುವಿಗೆ ಕಟ್ಟುವಂಥವು. ಗಟ್ಟಿ ಮಾಲು, ಒಡೆಯುವುದಿಲ್ಲ ಎಂದು ಬೇರೆ ಹೇಳಿದ. ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಮ್ಮ ಓಡಿ ಬಂದು, ಈ ಸ್ಥಿತಿಯಲ್ಲಿ ಹಾಗೆಲ್ಲ ನಗಬೇಡವೆಂದು ಗದರಿದಳು. ಕರುವಿಗೆ ಹೊಸ ಸರ ಆಯಿತು. ನನಗೆ ಬೇಕಾದ ಮಣಿಗಳನ್ನು ಭಾನುವಾರ ಬಂದ ಭಾವ ಬಳೆ ಅಂಗಡಿಯಿಂದ ತಂದುಕೊಟ್ಟರು: ಹಸಿರು, ನೀಲಿ, ಹಳದಿ. ಅದರ ಮುಂದಿನ ಭಾನುವಾರ ಕೂದಲಿನಷ್ಟು ತೆಳುವಾದ ಸೂಜಿಯೂ ಬಂತು.

ಆ ಸೂಜಿ ಬರುವ ತನಕ ಅಜ್ಜಿಯ ಕೌದಿ ಸೂಜಿಯಲ್ಲೇ ಪ್ರಯತ್ನ ಮಾಡಿದ್ದೆ ಎಂಬುದನ್ನೂ ಹೇಳಬೇಕು. ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಹಿಡಿದಂತಾಗಿತ್ತು. ಈಗ ಸೂಜಿ ಸಿಕ್ಕಿತು, ದಾರ ಕೈಕೊಟ್ಟಿತು. ಗಾಜಿನ ಮಣಿಯ ತೂತಿನ ಅಂಚು ಚೂಪು. ನಾಲ್ಕು ಮಣಿ ದಾಟುವಷ್ಟರಲ್ಲಿ ದಾರ ಜುಂಗುಜುಂಗಾಗಿ ಫಟ್ಟೆಂದು ಹರಿಯುತ್ತಿತ್ತು. ನಾನು ದಾರಕ್ಕೆ ಬೈದೆ, ಅಂಗಡಿಯವನಿಗೆ ಬೈದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಅಕ್ಕ ಮಂಚದ ಮೇಲಿಂದಲೇ ಕಿಚಾಯಿಸಿದಳು.

ಆಗ ಅಜ್ಜಿಯ ಕೈ ಕಣ್ಣಿಗೆ ಬಿತ್ತು. ಅವಳು ದಪ್ಪ ಬಟ್ಟೆಗೆ ಸೂಜಿ ಚುಚ್ಚುವ ಮುಂಚೆ ಒಮ್ಮೆ ತಲೆಗೂದಲಲ್ಲಿ ಆಡಿಸುತ್ತಿದ್ದಳು. ತಲೆಯಲ್ಲಿ ಕೊಬ್ಬರಿ ಎಣ್ಣೆ ಇರುತ್ತಿತ್ತಲ್ಲ, ಸೂಜಿ ಸಲೀಸಾಗಿ ಜಾರುತ್ತಿತ್ತು. ಸೂಜಿಗೆ ಎಣ್ಣೆಯಾದರೆ ದಾರಕ್ಕೇಕಾಗಬಾರದು ಎನ್ನಿಸಿತು. ಕೊಬ್ಬರಿಗೆ ನಮ್ಮ ಮನೆಯಲ್ಲಿ ಬರವೇ? ಒಂದು ಹೋಳು ತಂದು ದಾರವನ್ನು ಅದರ ಮೇಲೆ ಎಳೆದೆ. ಜುಂಗೆಲ್ಲ ಮಲಗಿ ದಾರ ನುಣ್ಣಗಾಯಿತು. ಮಣಿಗಳು ಒಂದರ ಹಿಂದೊಂದು ಸರಸರನೆ ಇಳಿದವು. ನಾನು ಎದ್ದು ಹಜಾರದಲ್ಲಿ ಒಂದು ಸುತ್ತು ಕುಣಿದೇಬಿಟ್ಟೆ. ತಿಪಟೂರಿನ ಆ ಹೆಂಗಸಿಗೂ ಈ ಉಪಾಯ ಹೊಳೆದಿರಲಿಕ್ಕಿಲ್ಲ, ನಾನೇ ಹೋಗಿ ಆಕೆಗೆ ಹೇಳಿಕೊಡುತ್ತೇನೆ ಎಂದುಕೊಂಡೆ.

ಹೆಣ್ಣು ಮಗು ಹುಟ್ಟಿತು. ಅಜ್ಜಿ ತನ್ನ ಸೀರೆ, ಅಮ್ಮನ ಸೀರೆ, ಅಕ್ಕನ ಹಳೇ ಲಂಗ ಇವನ್ನೆಲ್ಲ ಪದರ ಪದರವಾಗಿ ಹಾಸಿ ಕೌದಿ ಹೊಲಿದು ನನ್ನ ಕೈಗಿತ್ತಳು. ಮಗು ಮಣಿ ಕಿತ್ತು ಬಾಯಿಗೆ ಹಾಕಿಕೊಳ್ಳಬಾರದು, ಆದ್ದರಿಂದ ತಲೆಯ ಕಡೆ ಒಂದು ಮಣಿಯೂ ಕೂಡದು, ಕಾಲಿನ ಕಡೆ ತೊಟ್ಟಿಲಿನಿಂದ ಆಚೆಗೆ ಇಳಿಬೀಳುವ ಅಂಚಿಗಷ್ಟೇ ಹಾಕು ಎಂದು ಎಚ್ಚರಿಸಿದಳು. ನಾನು ಆ ಅಂಚಿನ ಉದ್ದಕ್ಕೂ ಅಕ್ಕನ ರವಿಕೆಯ ನವಿಲನ್ನೇ ಸಾಲಾಗಿ ಬರೆದುಕೊಂಡು ಹೊಲಿಯಲು ಕೂತೆ. ಹೊಲಿಯುವುದರಲ್ಲಿ ಎಂಥ ಸುಖ! ಊಟಕ್ಕೆ ಕರೆದರೆ ಸಿಟ್ಟು ಬರುತ್ತಿತ್ತು. ನವಿಲುಗಳು ನೋಡಲು ಕೋಳಿಯ ಹಾಗಿದ್ದವು ಎಂದು ಅಕ್ಕ ಅಂದದ್ದು ಹೊಟ್ಟೆಕಿಚ್ಚಿಗೆ ಎಂದೇ ನಂಬಿದ್ದೆ. ಎರಡು ತಿಂಗಳು ದಾಟುವಷ್ಟರಲ್ಲಿ ಅಂಚು ಮುಗಿಯಿತು. ಜೀವಮಾನದಲ್ಲಿ ಮೊದಲ ಸಲ ನಾನು ಹಿಡಿದ ಕೆಲಸವೊಂದು ಕಡೇಗಂಟ ಹೋಗಿತ್ತು. ಕೌದಿಯನ್ನು ಮಡಿಸಿ ಅಟ್ಟದ ಕೆಳಗಿನ ಮರದ ಪೆಟ್ಟಿಗೆಯಲ್ಲಿಟ್ಟೆ. ಮೂರು ತಿಂಗಳಿಗೆ ಇಟ್ಟುಕೊಂಡಿದ್ದ ನಾಮಕರಣದ ದಿನವೇ ಅಪ್ಪನಿಗೆ ತೋರಿಸಬೇಕೆಂಬ ಹಟ.

ನಮ್ಮ ಕಡೆ ಉಂಡೆ ಕೊಬ್ಬರಿಗೆಂದು ಕಾಯನ್ನು ಹೆಚ್ಚುಕಡಿಮೆ ವರ್ಷವಿಡೀ ಅಟ್ಟದ ಮೇಲೆ ಹಾಕಿಡುತ್ತಾರೆ. ಕೊಬ್ಬರಿ ಇದ್ದ ಕಡೆ ಇಲಿ ಇದ್ದೇ ಇರುತ್ತದೆ. ಇದು ನಮ್ಮೂರಿನ ಕೂಸಿಗೂ ಗೊತ್ತು, ನನಗೂ ಗೊತ್ತಿತ್ತು. ಆದರೆ ಹೊಳೆಯಲಿಲ್ಲ.

ನಾಮಕರಣಕ್ಕೆ ಇನ್ನೊಂದು ವಾರವೂ ಇರಲಿಲ್ಲ. ಒಮ್ಮೆ ಬಿಸಿಲಿಗೆ ಹಾಕೋಣವೆಂದು ಪೆಟ್ಟಿಗೆ ತೆರೆದೆ. ಮೊದಲು ಕಂಡದ್ದು ಇರುವೆ, ಆಮೇಲೆ ಮೂಲೆಯಲ್ಲಿ ಇಲಿ ಕೊರೆದ ತೂತು. ಕೌದಿ ಎತ್ತಿದೊಡನೆ ಮಣಿಗಳು ಜರಜರ ಸುರಿದವು. ಇಲಿಗಳು ಬಹಳ ಮರ್ಯಾದಸ್ಥ ಇಲಿಗಳು, ಬಟ್ಟೆಯನ್ನು ಅಷ್ಟಾಗಿ ಮುಟ್ಟಿರಲಿಲ್ಲ. ಕೊಬ್ಬರಿ ಸವರಿದ ದಾರವನ್ನು ಮಾತ್ರ ಹೊಲಿಗೆ ಬಿಡದೆ ಕಡಿದಿದ್ದವು. ನನ್ನ ನವಿಲುಗಳೆಲ್ಲ ಪೆಟ್ಟಿಗೆಯ ತಳದಲ್ಲಿ ರಾಶಿಯಾಗಿ ಬಿದ್ದಿದ್ದವು.

ನಾನು ಜೋರಾಗಿ ಅತ್ತೆ. ನಾನು ಹಾವು ಕಂಡೆನೋ ಏನೋ ಎಂದು ಅಮ್ಮ ಓಡಿ ಬಂದಳು. ಅಜ್ಜಿ ದಾರದ ತುಂಡನ್ನು ಮೂಗಿಗೆ ಹಿಡಿದು ಮೂಸಿ ನೋಡಿ, ಏನು ಸವರಿದ್ದೆ ಎಂದು ಕೇಳಿದಳು. ಹೇಳಿದೆ. ಅವಳು ನಗಲು ಶುರುಮಾಡಿದವಳು ಸೆರಗಿನಿಂದ ಕಣ್ಣೊರೆಸಿಕೊಳ್ಳುವ ತನಕ ನಿಲ್ಲಿಸಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ಇನ್ನು ಈ ಮಣಿಯ ಸಹವಾಸವೇ ಬೇಡ, ಅಪ್ಪ ಅಂದದ್ದೇ ಸರಿ ಎಂದು ಎದ್ದೆ.

ಅಜ್ಜಿ ನನ್ನ ಲಂಗದ ಚುಂಗು ಹಿಡಿದು ಕೂರಿಸಿದಳು. "ಇಲಿ ತಿಂದಿದ್ದು ದಾರ ಕಣವ್ವ, ನಿನ್ ಕೈನಲ್ಲ. ಅಳಾದು ಬುಡು, ಮಣಿ ಆರ್ಸು" ಎಂದಳು.

ಸೀಗೆಪುಡಿ ಹಾಕಿ ಅಂಚನ್ನು ತಿಕ್ಕಿ ತೊಳೆದೆವು. ಕರೆಂಟು ಹೋದಾಗ ಹಚ್ಚಲು ಇಟ್ಟಿದ್ದ ಮೇಣದ ಬತ್ತಿಯ ಮೇಲೆ ದಾರ ಎಳೆದು ನೋಡಿದೆ. ಕೊಬ್ಬರಿಗಿಂತ ವಾಸಿ. ಆದರೆ ನವಿಲಿಗೆ ಸಮಯವಿರಲಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಲ್ಲ. ಬರೆದುಕೊಳ್ಳದೆ, ಯಾರ ರವಿಕೆಯನ್ನೂ ನೋಡದೆ ನನ್ನ ಕೈಗೆ ಬರುವಂಥದ್ದು ಏನಿದೆ ಎಂದು ಯೋಚಿಸುತ್ತ ಹಿತ್ತಲ ಬಾಗಿಲಲ್ಲಿ ನಿಂತೆ. ಎದುರಿನ ಗಿಡ್ಡ ತೆಂಗಿನಲ್ಲಿ ಹೊಂಬಾಳೆ ಒಡೆದಿತ್ತು. ಒಂದೊಂದು ಕಡ್ಡಿಗೂ ಹಳದಿ ಹೂವು ಒತ್ತೊತ್ತಾಗಿ ಕೂತಿತ್ತು. ಅದೇ ಮಣಿ ಕೆಲಸದಂತಿತ್ತು.

ಕೂತು ಹೊಲಿದೆ. ಈ ಸಲ ಮಣಿಮಣಿಗೂ ಸೂಜಿಯನ್ನು ಹಿಂದಕ್ಕೆ ತಂದು ಇನ್ನೊಮ್ಮೆ ಹಾಯಿಸಿ ಬಿಗಿ ಮಾಡಿದೆ. ಹೊಂಬಾಳೆಯ ಕಡ್ಡಿಗಳು ಬಟ್ಟೆಯ ಮೇಲೆ ತಾವಾಗಿಯೇ ಬಾಗಿ ಬಂದವು. ಕಿಚಾಯಿಸುತ್ತಿದ್ದ ಅಕ್ಕ ಮಗುವಿಗೆ ಹಾಲು ಕುಡಿಸುತ್ತಲೇ ಇನ್ನೊಂದು ಕೈಯಲ್ಲಿ ಹಳದಿ ಮಣಿ ಆರಿಸಿ ಕೊಡುತ್ತಿದ್ದಳು. ನನಗಾದ ಖುಷಿಯನ್ನು ಹೇಗೆ ಹೇಳಲಿ? ನವಿಲು ಹೊಲಿಯುವಾಗ ಬೇಗ ಮುಗಿಯಲಿ ಎನ್ನಿಸುತ್ತಿತ್ತು, ಹೊಂಬಾಳೆ ಹೊಲಿಯುವಾಗ ಮುಗಿಯುವುದೇ ಬೇಡವಾಗಿತ್ತು. ಮುಗಿಯಲೂ ಇಲ್ಲ. ನಾಮಕರಣದ ಬೆಳಿಗ್ಗೆ ಚಪ್ಪರಕ್ಕೆ ಮಾವಿನೆಲೆ ಕಟ್ಟುವ ಹೊತ್ತಿಗೆ ಅಂಚಿನ ಅರ್ಧ ತುಂಬಿತ್ತು, ಉಳಿದರ್ಧ ಬೋಳು. ಅಜ್ಜಿ ಅದನ್ನು ನನ್ನ ಕೈಯಿಂದ ಕಿತ್ತುಕೊಂಡು ತೊಟ್ಟಿಲಿಗೆ ಹಾಸಿಬಿಟ್ಟಳು.

ಬೀಗರು ಬಂದರು. ತೊಟ್ಟಿಲ ಶಾಸ್ತ್ರ ಮುಗಿಯಿತು. ಹೆಸರು ಕೂಗಿದ್ದೂ ನನಗೆ ಕೇಳಿಸಲಿಲ್ಲ, ನನ್ನ ಕಣ್ಣು ಆ ಅಂಚಿನ ಮೇಲೆ. ಅಕ್ಕನ ಅತ್ತೆ ಮಗುವನ್ನು ಎತ್ತಿಕೊಳ್ಳಲು ಬಗ್ಗಿದವರು ಇಳಿಬಿದ್ದ ಕೌದಿಯನ್ನು ಬೆರಳಲ್ಲಿ ಸವರಿದರು. ಈ ಕಡೆಯಿಂದ ಆ ಕಡೆಗೆ ನೋಡುತ್ತ ಹೋಗಿ ಅರ್ಧಕ್ಕೆ ನಿಂತರು. ತೊಟ್ಟಿಲ ಪಕ್ಕದಲ್ಲೇ ಅಪ್ಪ ನಿಂತಿದ್ದ. ಮಗುವನ್ನು ಅವರು ಎತ್ತಿಕೊಂಡ ಮೇಲೆ ಅಪ್ಪ ಕೌದಿಯನ್ನು ಕೈಗೆ ತೆಗೆದುಕೊಂಡ. ಬೋಳು ಅಂಚನ್ನು ನೋಡಿದ. ಹೊಂಬಾಳೆಯನ್ನು ನೋಡಿದ. ಒಂದು ಮಣಿಯನ್ನು ಹೆಬ್ಬೆರಳ ಉಗುರಿನಿಂದ ಮೀಟಿದ, ಜಗ್ಗಿದ. ಆಮೇಲೆ ಕೌದಿಯನ್ನು ಎರಡೂ ಕೈಯಲ್ಲಿ ಹಿಡಿದು ಪಟ್ಟೆಂದು ಕೊಡವಿದ. ನಾನು ನೆಲ ನೋಡಿದೆ. ಒಂದು ಮಣಿಯೂ ಬೀಳಲಿಲ್ಲ.

ಕೆಲಸ ಚೆನ್ನಾಗೇನೋ ಇದೆ, ಆದರೆ ಅರ್ಧಕ್ಕೇ ಬಿಟ್ಟಿದ್ದಾರಲ್ಲ ಎಂದರು ಅಕ್ಕನ ಅತ್ತೆ. ಅಪ್ಪ ಹೇಳುತ್ತಿದ್ದ ಮಾತನ್ನೇ, ಅಪ್ಪನ ಎದುರಿಗೇ, ನೆಂಟರ ನಡುವೆ ಅವರು ಆಡಿದ್ದರು.

ಅಪ್ಪ ಕೌದಿಯನ್ನು ತೊಟ್ಟಿಲಿಗೆ ಹಾಸಿ, ಹೊಂಬಾಳೆಯ ಅಂಚು ಎಲ್ಲರಿಗೂ ಕಾಣುವ ಹಾಗೆ ಈಚೆಗೆಳೆದು ಸರಿ ಮಾಡಿದ.

"ಬುಟ್ಟಿಲ್ಲ ಕಣ್ರಮ್ಮ" ಎಂದ. "ಸೋಮವಾರದಿಂದ ತಿಪಟೂರ್ಗೆ ಕಲಿಯಕ್ಕೆ ಹೋಗ್ತಾಳೆ. ಮಿಕ್ಕಿದ್ದು ಕಲ್ತ್ಕಂಡು ಬಂದು ಮಾಡ್ತಾಳೆ."