ಗುಡ್ಡದಲ್ಲಿ ನನಗೆ ಉತ್ತರ ಕೊಟ್ಟ ಕೂ

ದೆವ್ವ, ಭೂತ, ಗಾಳಿ ಎಂದು ಯಾರಾದರೂ ಶುರುಮಾಡಿದರೆ ಎದ್ದು ಒಳಗೆ ಹೋಗುವವಳು ನಾನು. ಹೊಲಿಗೆ ಕಲಿಯಲು ಬರುವ ಹುಡುಗಿಯರು ಅಂಥ ಕಥೆ ಹೇಳಿಕೊಂಡು ನಡುಗಿದರೆ, "ಮೊದಲು ಕಾಜಾ ನೆಟ್ಟಗೆ ಹಾಕ್ರೇ" ಎಂದು ಗದರುತ್ತಿದ್ದೆ. ಈಗ ಬರೆಯುತ್ತಿರುವುದನ್ನು ಬೇರೆಯವರು ಹೇಳಿದ್ದರೆ ಖಂಡಿತ ನಂಬುತ್ತಿರಲಿಲ್ಲ. ನೀವೂ ನಂಬಲೇಬೇಕೆಂಬ ಹಟ ನನಗಿಲ್ಲ.

ನನ್ನ ಗಂಡ ಲೈನ್‌ಮನ್ ಆಗಿದ್ದರು. ಹುಟ್ಟಿದ್ದು ಚಂದ್ರಗುತ್ತಿಯ ಹತ್ತಿರದ ಹಳ್ಳಿಯಲ್ಲಿ, ನೌಕರಿ ಶಿಕಾರಿಪುರದಲ್ಲಿ. ನಾವು ಮನೆ ಮಾಡಿದ್ದೂ ಅಲ್ಲೇ. ಚಂದ್ರಗುತ್ತಿಗೆ ಬಂದವರು ದೇವಿಗೆ ಕೈಮುಗಿದು, ಬಹಳವೆಂದರೆ ಕೋಟೆಯವರೆಗೆ ಹತ್ತಿ ಇಳಿಯುತ್ತಾರೆ. ಹಿಂದಿನ ಗುಡ್ಡಸಾಲಿನ ಕಡೆ ಯಾರೂ ತಲೆಹಾಕುವುದಿಲ್ಲ. ಬೆಳಿಗ್ಗೆ ಈ ಕಡೆ ಹತ್ತಿ, ಸಾಲಿನುದ್ದಕ್ಕೂ ನಡೆದು, ಸಂಜೆ ಆ ಕಡೆಯ ಕೆರೆಯ ಬಳಿ ಇಳಿಯಬೇಕು ಎಂಬುದು ಅವರ ಆಸೆ. ಊಟಕ್ಕೆ ಕೂತಾಗ ತಟ್ಟೆಯ ಅಂಚಿನ ಮೇಲೆ ಬೆರಳಾಡಿಸುತ್ತ ನನಗೆ ದಾರಿ ತೋರಿಸುತ್ತಿದ್ದರು. ಒಂದು ವರ್ಷ ಅವರ ಲೈನ್ ಕೆಲಸ, ಒಂದು ವರ್ಷ ನನ್ನ ಮೊಣಕಾಲು, ಹೀಗೆ ಮುಂದೆ ಹೋಗುತ್ತಲೇ ಇತ್ತು. ಕೊನೆಗೆ ಅವರೇ ಹೋಗಿಬಿಟ್ಟರು.

ನಮಗೆ ಮಕ್ಕಳಿಲ್ಲ. ತೊಗರ್ಸಿಯಲ್ಲಿರುವ ನನ್ನ ಅಣ್ಣ, ಮನೆ ಖಾಲಿ ಮಾಡಿ ತನ್ನಲ್ಲಿಗೆ ಬಾ ಎಂದು ಪಟ್ಟು ಹಿಡಿದ. "ಒಬ್ಬಾಕಿನ ಹೆಂಗ ಇರ್ತೀಯವ್ವಾ? ಕತ್ತಲಾದ್ರ ಮಾತಾಡ್ಸಾಕ ಒಂದ್ ನರಪಿಳ್ಳೆ ಇಲ್ಲ." ಅವನದು ಪ್ರೀತಿಯೇ. ಆದರೆ ಅಲ್ಲಿಗೆ ಹೋದರೆ ನನ್ನ ಹೊಲಿಗೆ ಕ್ಲಾಸು ಮುಚ್ಚಬೇಕು, ಅತ್ತಿಗೆಯ ಅಡುಗೆಮನೆಯಲ್ಲಿ ಸೊಪ್ಪು ಸೋಸುತ್ತ ಉಳಿದ ಆಯಸ್ಸು ಕಳೆಯಬೇಕು. ಮಾತಿಗೆ ಮಾತು ಬೆಳೆದು, ಆ ಗುಡ್ಡಸಾಲನ್ನು ಒಬ್ಬಳೇ ದಾಟಿ ತೋರಿಸುತ್ತೇನೆ, ಆಗಲಾದರೂ ನನ್ನ ಪಾಡಿಗೆ ನನ್ನನ್ನು ಬಿಡು ಎಂದೆ. ಅಣ್ಣ ನಕ್ಕ. "ಒಬ್ಬಾಕಿನ ಹತ್ತಿ ಇಳಿದು ಬಾ. ಆಮ್ಯಾಲ ನಾನು ಬಾಯಿ ತೆಗೆದ್ರ ಕೇಳು."

ಹಟದಲ್ಲಿ ಮಾತು ಆಡಬಹುದು, ಗುಡ್ಡ ಹತ್ತಲು ಕಾಲು ಬೇಕಲ್ಲ. ದಿನಾ ಬೆಳಗಿನ ಜಾವ ಶಿಕಾರಿಪುರದ ಕೆರೆ ಏರಿಯ ಮೇಲೆ ನಡೆದು ಮೊಣಕಾಲನ್ನು ಪಳಗಿಸಿದೆ. ಮಳೆಗಾಲವಾದರೆ ರಕ್ತ ಹೀರುವ ಇಂಬಳದ ಕಾಟ, ಬೇಸಗೆಯಾದರೆ ಕುಡಿಯಲು ನೀರಿಲ್ಲ. ಸಂಕ್ರಾಂತಿ ಕಳೆದ ಮೇಲೆ ಎಂದು ನಿಶ್ಚಯಿಸಿದೆ. ಮೊಬೈಲಿನ ನಕ್ಷೆಯಲ್ಲಿ ಆ ಜಾಗವೆಲ್ಲ ಬರೀ ಹಸಿರು. ಅವರ ಬೆರಳು ತಟ್ಟೆಯ ಅಂಚಿನಲ್ಲಿ ಎಲ್ಲಿ ತಿರುಗುತ್ತಿತ್ತೆಂದು ನೆನಪು ಮಾಡಿಕೊಳ್ಳುವುದೇ ನನಗಿದ್ದ ದಾರಿ. ಹಿಂದಿನ ಸಂಜೆ ಸೊರಬಕ್ಕೆ ಬಂದು ಪರಿಚಯದವರಲ್ಲಿ ಉಳಿದು, ರೊಟ್ಟಿ, ಶೇಂಗಾ ಚಟ್ನಿಪುಡಿ, ನೀರು ಕಟ್ಟಿಕೊಂಡು ಮೊದಲ ಬಸ್ಸಿಗೆ ಹೊರಟೆ.

ಕೋಟೆಯ ತುದಿ ತಲುಪಿದಾಗ ಕೆಳಗಿನ ಗದ್ದೆಗಳೆಲ್ಲ ಮಂಜಿನೊಳಗೆ ಇದ್ದವು. ಎಷ್ಟು ಚೆಂದ ನೋಡಿ ಎನ್ನಲು ಪಕ್ಕಕ್ಕೆ ತಿರುಗಿದೆ. ಯಾರಿದ್ದರು? ಅಲ್ಲೇ ಕೂತು ಅತ್ತೆ. ಅಣ್ಣ ಹೇಳಿದ್ದು ಸುಳ್ಳಲ್ಲ ಎಂದು ಆಗ ಅನ್ನಿಸಿತು. ಆದರೂ ಎದ್ದು ನಡೆದೆ.

ಮಧ್ಯಾಹ್ನದ ಹೊತ್ತಿಗೆ ದಾರಿ ತಪ್ಪಿತು. ಗುಡ್ಡದ ಹುಲ್ಲು ಒಣಗಿ ಕರಡವಾಗಿ ಆಳೆತ್ತರ ನಿಂತಿತ್ತು. ಹೊಕ್ಕ ಮೇಲೆ ಹಿಂದೂ ಗೊತ್ತಿಲ್ಲ, ಮುಂದೂ ಗೊತ್ತಿಲ್ಲ. ಮೊಬೈಲಿಗೆ ಸಿಗ್ನಲ್ ಇರಲಿಲ್ಲ. ಏನೂ ತೋಚದೆ ಕೂ ಹಾಕಿದೆ.

ಈ ಕೂ ಹಾಕುವುದನ್ನು ಸ್ವಲ್ಪ ಹೇಳಬೇಕು. ಗಂಡನ ಊರಿನಲ್ಲಿ ಸೊಪ್ಪಿಗೋ ಸೌದೆಗೋ ಕಾಡಿಗೆ ಹೋದವರು ಹೆಸರು ಹಿಡಿದು ಕರೆಯುವುದಿಲ್ಲ. ಕರೆಯುವವರದು ಒಂದು ಉದ್ದನೆಯ ಕೂ. ಕೇಳಿಸಿಕೊಂಡವರು ಎರಡು ತುಂಡು ಕೂ ಕೊಡಬೇಕು. ನಮ್ಮವರು ಶಿಕಾರಿಪುರದ ಸಂತೆಯಲ್ಲೂ ನನ್ನನ್ನು ಹೀಗೆಯೇ ಕರೆದು ಮಾನ ಕಳೆಯುತ್ತಿದ್ದರು.

ಎಡಗಡೆಯಿಂದ ಎರಡು ತುಂಡು ಕೂ ಬಂತು.

ಯಾರೋ ಸೌದೆಯವರಿರಬೇಕೆಂದು ಜೀವ ಬಂದಂತಾಯಿತು. ಆ ಕಡೆಗೆ ಹುಲ್ಲು ಸರಿಸಿಕೊಂಡು ಹೋದೆ, ಮತ್ತೆ ಕೂ ಹಾಕಿದೆ. ಮತ್ತೆ ಎರಡು, ಮೊದಲಿನಷ್ಟೇ ದೂರದಲ್ಲಿ. ಹೀಗೆ ಬಹಳ ಹೊತ್ತು ನಡೆದೆ. ನಾನು ಎಷ್ಟು ಬೇಗ ಹೋದರೂ ಅದು ಹತ್ತಿರವಾಗಲಿಲ್ಲ, ನಿಂತು ಸುಧಾರಿಸಿಕೊಂಡರೆ ದೂರವೂ ಆಗಲಿಲ್ಲ. ಬಿಸಿಲು ವಾಲುವ ಹೊತ್ತಿಗೆ ಕರಡ ಮುಗಿದು, ಕೆಳಗೆ ಕೆರೆ ಕಂಡಿತು. ಅದು ನಮ್ಮವರ ದನಿಯೇ ಎಂದು ಕೇಳಬೇಡಿ. ಕೂಗಿನಲ್ಲಿ ದನಿಯ ಗುರುತು ಹಿಡಿಯಲಾಗುವುದಿಲ್ಲ.

ಇಳಿಜಾರಿನಲ್ಲಿ ಬಯಲುಸೀಮೆಯ ಕುರಿಗಾರನೊಬ್ಬ ಮಂದೆ ಬಿಟ್ಟುಕೊಂಡು ಕೂತಿದ್ದ. ಕೂ ಹಾಕಿದ್ದು ನೀವೇನು ಎಂದೆ.

"ನಾ ಯಾಕ್ರೀ ಹಾಕ್ಲಿ? ಕುರಿ ಬೆದರ್ತಾವ. ನಾವು ಸೀಟಿ ಹೊಡೀತೀವಿ." ನನ್ನ ಹಿಂದೆ ಒಮ್ಮೆ ನೋಡಿದ. "ಅವ್ರು ಎಲ್ಲ್ರೀ? ಆವಾಗಿಂದ ಎರಡೆರಡು ಕೂ ಹಾಕಾಕತ್ತಿದ್ರಲ್ರೀ, ಗಂಡಸರು."

"ನಂದೊಂದು ಉದ್ದ ಕೂ ಕೇಳ್ಲಿಲ್ವ?"

"ಇಲ್ರೀ, ನಿಮ್ದು ಕೇಳ್ಲಿಲ್ಲ."

ಹಿಂದೆ ತಿರುಗಿ ನೋಡಿದೆ, ಬರೀ ಕರಡ. ದಡದಡ ಇಳಿದು, ಕೆರೆಯ ಬಳಿ ಸಿಕ್ಕ ಬಸ್ಸು ಹತ್ತಿದೆ. ಅಷ್ಟರಲ್ಲಿ ಅಣ್ಣನ ಫೋನು. "ಒಬ್ಬಾಕಿನ ಇಳಿದೇನು?" ಹೂಂ ಎಂದೆ. ಕೊಟ್ಟ ಮಾತಿಗೆ ಅವನು ತಪ್ಪಿಲ್ಲ. ಇವತ್ತಿಗೂ ನನ್ನ ಮನೆಯಲ್ಲಿ ನಾನಿದ್ದೇನೆ. ಆದರೆ ಆ ಪಂತ ಗೆದ್ದೆನೋ ಸೋತೆನೋ ನನಗೇ ಗೊತ್ತಿಲ್ಲ.

ಅದು ಪ್ರತಿಧ್ವನಿ ಎಂದರು ಪರಿಚಯದ ಮೇಷ್ಟ್ರು. ಒಂದು ಉದ್ದ ಕೂ ಎರಡು ತುಂಡಾಗಿ ಹೇಗೆ ಮರಳುತ್ತದೆ ಎಂದು ಕೇಳಿದರೆ ಕನ್ನಡಕ ಒರೆಸಿಕೊಂಡರು. ಗುಡ್ಡದಲ್ಲಿ ಆ ಕೂ ಹಿಡಿದು ನಡೆಯುವಾಗ ನನಗೆ ಹೆದರಿಕೆಯಾಗಿರಲಿಲ್ಲ. ನಿಜವಾದ ಹೆದರಿಕೆ ಶುರುವಾದದ್ದು ಬಸ್ಸು ಹೊರಟ ಮೇಲೆ, ಗಂಡನ ಊರಿನ ಇನ್ನೊಂದು ಕಟ್ಟುಪಾಡು ನೆನಪಾದಾಗ. ದಾರಿ ಸಿಕ್ಕವರು ಸುಮ್ಮನೆ ಹೊರಟುಬಿಡಬಾರದು. ಸೇರಿದೆ ಎಂದು ಕೊನೆಯದಾಗಿ ಒಂದು ಕೂ ಹಾಕಬೇಕು. ಅದು ಕೇಳುವವರೆಗೆ ಉತ್ತರ ಕೊಟ್ಟವರು ಕಾಡು ಬಿಟ್ಟು ಬರುವುದಿಲ್ಲ. ನಾನು ಹಾಕಿರಲಿಲ್ಲ.